ಜಯಪುರದ ನೀಲಿ ಪಾತ್ರೆಗಳು

ನಮ್ಮ ಶಾಲೆಯ ಅಧ್ಯಾಪಕರ ಕೊಠಡಿಯ ಕಿಟಕಿಯ ಕಟ್ಟೆಯ ಮೇಲೆ ಬಹುಕಾಲದಿಂದ ಒಂದು ನೀಲಿ ಹೂದಾನಿಯಿತ್ತು. ಹಿಂದೊಮ್ಮೆ ಉತ್ತರ ಭಾರತದ ಪ್ರವಾಸಕ್ಕೆ ಹೋಗಿದ್ದ ವಿದ್ಯಾರ್ಥಿಗಳು ಜಯಪುರದಿಂದ ತಂದು ಶಾಲೆಗೆ ಅರ್ಪಿಸಿದ ಕಾಣಿಕೆ ಅದು. ಗೇಣುದ್ದದ ಆ ಪಾತ್ರೆಯ ಬಿಳಿಯ ಮೈಮೇಲೆ ಕಡುನೀಲಿಯ ಬಳ್ಳಿಗಳು ಹಬ್ಬಿದ್ದುವು. ಬಳ್ಳಿಗಳ ನಡುವೆ ನವಿಲಿನ ಕೊರಳ ಬಣ್ಣದ ಎಲೆಗಳಿದ್ದುವು. ದಿನವೂ ಕಣ್ಣಿಗೆ ಬೀಳುತ್ತಿದ್ದ ವಸ್ತುವಾದುದರಿಂದ ಅದನ್ನು ನಿಜವಾಗಿ ನೋಡುವುದನ್ನೇ ನಾವು ಬಿಟ್ಟಿದ್ದೆವು. ಕಳೆದ ಮಳೆಗಾಲದಲ್ಲಿ, ಮೈದಾನದಲ್ಲಿ ನೀರು ನಿಂತ ಒಂದು ಮಧ್ಯಾಹ್ನ, ಮೊಗಸಾಲೆಯಲ್ಲಿಯೇ ಆಟ ಹೂಡಿದ್ದ ಕೆಲವು ಬಾಲಕರ ಚೆಂಡು ಕಿಟಕಿಯೊಳಗೆ ನುಗ್ಗಿ ಹೂದಾನಿಗೆ ತಗಲಿತು. ಅದು ನೆಲಕ್ಕೆ ಬಿದ್ದು ಏಳೆಂಟು ಹೋಳಾಯಿತು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ನಮ್ಮ ಹಿರಿಯರ ಗಾದೆ ಎಷ್ಟು ದಿಟವೆಂಬುದನ್ನು ಆ ದಿನ ಕಣ್ಣಾರೆ ಕಂಡೆವು.

ಆಟವಾಡುತ್ತಿದ್ದವರು ತಲೆ ತಗ್ಗಿಸಿಕೊಂಡು ಒಳಗೆ ಬಂದರು. ಬೈಗುಳ ಕಾದಿದೆಯೆಂದೇ ಅವರು ಬಗೆದಿದ್ದರು. ಚೂರುಗಳನ್ನು ಆಯುತ್ತಿದ್ದ ಒಬ್ಬ ಬಾಲಕ ಮಾತ್ರ ಒಂದು ಹೋಳನ್ನು ಬೆಳಕಿಗೆ ಹಿಡಿದು ನೋಡಿ, "ಸರ್, ಇದು ಮಣ್ಣಲ್ಲವಲ್ಲ! ಒಡೆದ ಕಡೆ ಕಲ್ಲುಸಕ್ಕರೆಯ ಹಾಗೆ ಬೆಳ್ಳಗಿದೆ" ಎಂದನು. ನಾವೂ ನೋಡಿದೆವು. ಮಡಕೆಯ ಓಡು ಕೆಂಪಾಗಿರಬೇಕು, ಇಲ್ಲವೇ ಕಪ್ಪಾಗಿರಬೇಕು. ಇದಾದರೋ ಬಿಳುಪು; ಬೆರಳಾಡಿಸಿದರೆ ಸಣ್ಣ ಸಣ್ಣ ಹರಳುಗಳು ತಾಕುತ್ತಿದ್ದುವು. ಇದು ಏನೆಂಬುದು ನಮಗೂ ತಿಳಿದಿರಲಿಲ್ಲ. ಗದರಿಸಬೇಕೆಂದು ಎದ್ದಿದ್ದ ನಾವೇ ಉತ್ತರ ತಿಳಿಯದ ವಿದ್ಯಾರ್ಥಿಗಳಂತೆ ನಿಲ್ಲಬೇಕಾಯಿತು. ಆ ಪ್ರಶ್ನೆಯ ಬೆನ್ನು ಹತ್ತಿ, ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡ ಸಂಗತಿಗಳನ್ನು ಈ ಸಂಚಿಕೆಯ ಓದುಗರ ಮುಂದೆ ಇಡುತ್ತಿದ್ದೇವೆ.

ಮಣ್ಣಿಲ್ಲದ ಮಡಕೆ

ಸಾಮಾನ್ಯವಾದ ಮಡಕೆ ಹೇಗೆ ಹುಟ್ಟುತ್ತದೆಂಬುದನ್ನು ನೀವೆಲ್ಲರೂ ಬಲ್ಲಿರಿ. ಕೆರೆಯಂಗಳದ ಜೇಡಿಮಣ್ಣನ್ನು ತಂದು, ಕಲ್ಲು ಕಡ್ಡಿಗಳನ್ನು ಆರಿಸಿ, ನೀರೆರೆದು ತುಳಿದು ಹದಮಾಡುತ್ತಾರೆ. ತಿರುಗುವ ತಿಗರಿಯ ಮೇಲೆ ಆ ಮಣ್ಣಿನ ಮುದ್ದೆಯನ್ನಿಟ್ಟು ಕೈಯಿಂದ ಎತ್ತಿದರೆ ಅದು ಬೇಕಾದ ಆಕಾರವನ್ನು ತಾಳುತ್ತದೆ. ಒಣಗಿದ ಮೇಲೆ ಆವಿಗೆಯಲ್ಲಿ ಸುಡುತ್ತಾರೆ. ಜೇಡಿಮಣ್ಣಿನ ಕಣಗಳು ಬಲು ನಯವಾದ ಹಲ್ಲೆಗಳಂತಿದ್ದು, ನೀರು ಸೇರಿದಾಗ ಒಂದರ ಮೇಲೊಂದು ಜಾರುತ್ತವೆ. ಬಳುಕುವ ಗುಣ ಮಣ್ಣಿಗೆ ಬಂದಿರುವುದು ಇದರಿಂದಲೇ. ಆದರೆ ಗುಣದೊಡನೆ ದೋಷವೂ ಉಂಟು. ಒಣಗುವಾಗಲೂ ಸುಡುವಾಗಲೂ ಜೇಡಿಮಣ್ಣು ಕುಗ್ಗುತ್ತದೆ. ಎಲ್ಲ ಕಡೆಯೂ ಒಂದೇ ಸಮನಾಗಿ ಕುಗ್ಗದಿದ್ದರೆ ಬಿರುಕು ಬಿಡುತ್ತದೆ.

ಜಯಪುರದ ನೀಲಿ ಪಾತ್ರೆಯ ಒಡಲಲ್ಲಿ ಇಂತಹ ಜೇಡಿಮಣ್ಣು ಇಲ್ಲವೆಂದೇ ಹೇಳಬೇಕು. ಅದರ ಬಹುಭಾಗ ಬೆಣಚುಕಲ್ಲಿನ ಹುಡಿ. ಅದರೊಡನೆ ಹುಡಿಮಾಡಿದ ಗಾಜು, ಸ್ವಲ್ಪ ಮುಲ್ತಾನಿ ಮಣ್ಣು, ಬಿಳಿಗಾರ, ಸೋಡಾಕ್ಷಾರ ಮತ್ತು ಮರದ ಅಂಟು ಇಷ್ಟನ್ನು ಸೇರಿಸಿ ನೀರಿನಲ್ಲಿ ಕಲಸಿ ಹಿಟ್ಟಿನ ಹಾಗೆ ನಾದುತ್ತಾರೆ. ಬಾಲಕನ ಕಣ್ಣಿಗೆ ಕಲ್ಲುಸಕ್ಕರೆಯಾಗಿ ಕಂಡುದು ಈ ಬೆಣಚಿನ ಹರಳುಗಳೇ. ಮುದುಕರ ಕಣ್ಣಿಗೆ ಬೀಳದುದು ಮಕ್ಕಳ ಕಣ್ಣಿಗೆ ಬೀಳುವುದು ಹೊಸತೇನಲ್ಲ.

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ಕಲ್ಲಿನ ಹುಡಿಯನ್ನು ಕಲಸಿದ ಮಾತ್ರಕ್ಕೆ ಪಾತ್ರೆ ಹೇಗೆ ನಿಂತೀತು? ಶುದ್ಧವಾದ ಬೆಣಚು ಕರಗಬೇಕಾದರೆ ಸುಮಾರು ೧,೭೦೦ ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಕಟ್ಟಿಗೆಯ ಉರಿಗೆ ಅಷ್ಟು ಶಕ್ತಿಯಿಲ್ಲ. ಆದರೆ ಸೋಡಾಕ್ಷಾರ, ಬಿಳಿಗಾರಗಳ ನಂಟು ದೊರೆತಾಗ ಬೆಣಚು ಬಲು ಕಡಿಮೆ ಶಾಖಕ್ಕೇ ಮೆತ್ತಗಾಗುವ ಸ್ವಭಾವವುಳ್ಳದ್ದು. ಮೊದಲೇ ಕರಗಿ ಹುಟ್ಟಿದ ಗಾಜಿನ ಹುಡಿಯಂತೂ ೮೦೦ ಡಿಗ್ರಿಯ ಆಚೀಚೆಯಲ್ಲಿಯೇ ಮೆತ್ತಗಾಗಿ, ಬೆಣಚಿನ ಕಣಗಳ ನಡುವೆ ಅಂಟಿನಂತೆ ಹರಡಿಕೊಳ್ಳುತ್ತದೆ. ಆರಿದ ಮೇಲೆ ಕಲ್ಲಿನ ಕಣಗಳನ್ನು ಗಾಜು ಬಿಗಿಯಾಗಿ ಹಿಡಿದಿರುತ್ತದೆ. ಗೋಡೆಗೆ ಮರಳು ಎಷ್ಟೋ ಸುಣ್ಣ ಎಷ್ಟೋ, ಈ ಪಾತ್ರೆಗೆ ಬೆಣಚು ಅಷ್ಟು, ಗಾಜು ಅಷ್ಟು. ಕಲ್ಲಿನ ಕಣಗಳು ಕುಗ್ಗುವುದಿಲ್ಲವಾದುದರಿಂದ ಒಣಗುವಾಗ ಬಿರುಕಿನ ಭಯವೂ ಕಡಿಮೆ.

ಆದರೆ ಬಳುಕುವ ಗುಣವಿಲ್ಲದ ಈ ಕಣಕವನ್ನು ತಿಗರಿಯ ಮೇಲೆ ಎತ್ತಲು ಬಾರದು. ಆದುದರಿಂದ ಜಯಪುರದ ಕುಶಲಿಗಳ ಕೆಲಸ ಬೇರೆ ದಾರಿ ಹಿಡಿಯಿತು.

ಪಾತ್ರೆ ಮಾಡುವ ಬಗೆ

ನಾದಿದ ಹಿಟ್ಟನ್ನು ಚಪಾತಿಯಂತೆ ಸಮನಾಗಿ ತಟ್ಟುತ್ತಾರೆ. ಅದನ್ನು ಸುಣ್ಣಗಾರೆಯ ಅಚ್ಚಿನೊಳಗೆ, ಎಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಬಟ್ಟಲಿನಂತಹ ಅಚ್ಚಿನೊಳಗೆ ಹಾಸಿ ಒತ್ತುತ್ತಾರೆ. ಒಳಗಡೆ ಕುಸಿಯದಿರಲೆಂದು ಜರಡಿ ಹಿಡಿದ ಬೂದಿಯನ್ನು ತುಂಬುತ್ತಾರೆ. ಬಳಿಕ ಅಚ್ಚನ್ನು ಮಗುಚಿ ತೆಗೆದರೆ ಅರ್ಧ ಪಾತ್ರೆ ಹೊರಬರುತ್ತದೆ. ಒಂದು ಹೂದಾನಿಯೆಂದರೆ ಇಂತಹ ಭಾಗಗಳು ಹಲವು: ಒಡಲಿನ ಕೆಳಗಿನ ಅರ್ಧ, ಮೇಲಿನ ಅರ್ಧ, ಕತ್ತು, ಪೀಠ. ಇವು ಒಂದೆರಡು ದಿನ ಒಣಗಿದ ಮೇಲೆ, ಅದೇ ಹಿಟ್ಟಿನ ಅಂಟಿನಿಂದ ಒಂದಕ್ಕೊಂದು ಬೆಸೆಯುತ್ತಾರೆ. ನಮ್ಮ ಹೂದಾನಿ ಒಡೆದಾಗ ಕತ್ತು ಅಚ್ಚುಕಟ್ಟಾಗಿ ಉಂಗುರದಂತೆ ಬೇರೆಯಾಗಿ ಬಿದ್ದುದು ಏಕೆಂಬುದು ಇದನ್ನು ತಿಳಿದ ಮೇಲೆ ನಮಗೆ ಅರ್ಥವಾಯಿತು.

ಬೆಸೆದ ಪಾತ್ರೆಯನ್ನು ಉಜ್ಜಿ ನಯಮಾಡಿ, ಅದರ ಮೇಲೆ ಬೆಣಚಿನ ಹುಡಿ, ಗಾಜಿನ ಹುಡಿ ಮತ್ತು ಮೈದಾಹಿಟ್ಟಿನ ಗಂಜಿಯನ್ನು ಕಲಸಿದ ಬಿಳಿಯ ಲೇಪವನ್ನು ಕೊಡುತ್ತಾರೆ. ಇದು ಚಿತ್ರಕ್ಕೆ ಹಾಸಿದ ಬಿಳಿಯ ಕಾಗದವಿದ್ದಂತೆ. ಲೇಪ ಒಣಗಿದ ಮೇಲೆ ಚಿತ್ರಗಾರನು ಅಳಿಲಿನ ಕೂದಲ ಕುಂಚವನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಮೊದಲು ರೇಖೆ, ಆಮೇಲೆ ರೇಖೆಯ ನಡುವಿನ ಬಣ್ಣ. ಒರಟಾದ ಮೈಯು ಬಣ್ಣವನ್ನು ತಟ್ಟನೆ ಹೀರಿಕೊಳ್ಳುವುದರಿಂದ ಒಮ್ಮೆ ಎಳೆದ ಗೆರೆಯನ್ನು ಅಳಿಸುವ ಮಾತಿಲ್ಲ.

ಈ ಬಣ್ಣಗಳ ವಿಷಯವಂತೂ ಬಹಳ ಸ್ವಾರಸ್ಯವಾದುದು. ಕಡುನೀಲಿಯನ್ನು ಕೊಡುವುದು ಕೋಬಾಲ್ಟ್ ಎಂಬ ಲೋಹದ ಆಕ್ಸೈಡು. ನವಿಲುಬಣ್ಣವನ್ನು ಕೊಡುವುದು ತಾಮ್ರದ ಆಕ್ಸೈಡು. ಆದರೆ ಬರೆಯುವಾಗ ಇವು ನೀಲಿಯಾಗಿರುವುದಿಲ್ಲ! ಕೋಬಾಲ್ಟಿನ ಹುಡಿ ಮಸಿಯಂತೆ ಕಪ್ಪು. ಚಿತ್ರಗಾರನು ಕಪ್ಪಿನಲ್ಲಿ ಬರೆಯುತ್ತಾ ನೀಲಿಯನ್ನು ಮನಸ್ಸಿನಲ್ಲಿ ಕಾಣಬೇಕು. ಬರೆದ ಚಿತ್ರದ ಮೇಲೆ ಮತ್ತೆ ಮೆರುಗಿನ ದ್ರವವನ್ನು ಎರೆಯುತ್ತಾರೆ. ಆಗ ಇಡಿಯ ಚಿತ್ರವೇ ಬಿಳಿಯ ಹುಡಿಯ ಕೆಳಗೆ ಮುಚ್ಚಿಹೋಗುತ್ತದೆ. ಆವಿಗೆಯ ಬೆಂಕಿಯಲ್ಲಿ ಆ ಹುಡಿ ಕರಗಿ ತಿಳಿಗಾಜಾದಾಗ, ಕೋಬಾಲ್ಟು ಅದರಲ್ಲಿ ಕರಗಿ, ಮುಚ್ಚಿಹೋಗಿದ್ದ ಕಪ್ಪು ಗೆರೆ ನೀಲಿಯಾಗಿ ಹೊರಗೆ ತೋರುತ್ತದೆ. ತಾಮ್ರದ ನಡತೆ ಇನ್ನೂ ವಿಚಿತ್ರ. ಸೋಡಾಕ್ಷಾರ ಹೆಚ್ಚಾಗಿರುವ ಮೆರುಗಿನಲ್ಲಿ ಅದು ನವಿಲುಬಣ್ಣವಾಗುತ್ತದೆ. ಸೀಸ ಹೆಚ್ಚಾಗಿರುವ ಮೆರುಗಿನಲ್ಲಿ ಹುಲ್ಲಿನ ಹಸುರಾಗುತ್ತದೆ.

ಆವಿಗೆಯ ಶಾಖ ಸುಮಾರು ೮೦೦ ರಿಂದ ೮೫೦ ಡಿಗ್ರಿ. ಸುಡುವುದು ಒಂದೇ ಒಂದು ಸಲ. ನಾಲ್ಕೈದು ಗಂಟೆಗಳ ಕಾಲ ಉರಿ ಕೊಟ್ಟು, ಎರಡು ಮೂರು ದಿನ ತಣಿಯಲು ಬಿಡುತ್ತಾರೆ. ಆತುರದಿಂದ ಬಾಗಿಲು ತೆರೆದರೆ ತಣ್ಣನೆಯ ಗಾಳಿ ತಗುಲಿ ಪಾತ್ರೆಗಳು ಸೀಳುತ್ತವೆ. ಹಲವು ದಿನಗಳ ಹಲವರ ದುಡಿಮೆಯೆಲ್ಲ ಆ ಒಂದು ಉರಿಗೆ ಒಪ್ಪಿಸಿದಂತೆ. ಒಳ್ಳೆಯದಾಯಿತೋ ಕೆಟ್ಟಿತೋ ಎಂಬುದು ಬಾಗಿಲು ತೆರೆದಾಗಲೇ ತಿಳಿಯಬೇಕು.

ಬಣ್ಣ ನಡೆದು ಬಂದ ದಾರಿ

ಬೆಣಚಿನ ಹುಡಿಯಿಂದ ಮೆರುಗಿನ ವಸ್ತುಗಳನ್ನು ಮಾಡುವ ವಿದ್ಯೆ ಬಲು ಹಳೆಯದು. ಪ್ರಾಚೀನ ಈಜಿಪ್ಟಿನ ಜನರು ಇದರಿಂದ ಮಣಿಗಳನ್ನೂ ಸಣ್ಣ ಪ್ರತಿಮೆಗಳನ್ನೂ ಮಾಡಿದರು. ನಮ್ಮ ಸಿಂಧೂ ಕಣಿವೆಯ ಹರಪ್ಪ ಮೊದಲಾದ ನಗರಗಳಲ್ಲಿಯೂ ಇಂತಹ ಬಳೆಗಳೂ ಮಣಿಗಳೂ ದೊರೆತಿವೆ. ಕ್ರಿ. ಶ. ೧೨ನೆಯ ಶತಮಾನದ ವೇಳೆಗೆ ಪರ್ಷಿಯಾ ದೇಶದ ಕುಂಬಾರರು ಬೆಣಚು, ಗಾಜು ಮತ್ತು ಸ್ವಲ್ಪ ಬಿಳಿಮಣ್ಣನ್ನು ಕೂಡಿಸಿ ತೆಳುವಾದ ಬಿಳಿಯ ಪಾತ್ರೆಗಳನ್ನು ಮಾಡತೊಡಗಿದರು. ಚೀನಾ ದೇಶದ ಪಿಂಗಾಣಿಗೆ ಸಮನಾದ ಬಿಳಿಮಣ್ಣು ಅವರಲ್ಲಿ ಇರಲಿಲ್ಲ. ಇಲ್ಲದುದನ್ನು ನೆನೆದು ಕೊರಗುವ ಬದಲು ಇದ್ದುದರಿಂದಲೇ ಅದರ ಸೊಬಗನ್ನು ಸಾಧಿಸಿದರು. ಇತ್ತ ಚೀನಾದವರು ಪರ್ಷಿಯಾದ ಕಡೆಯಿಂದ ಕೋಬಾಲ್ಟನ್ನು ತರಿಸಿಕೊಂಡು ೧೪ನೆಯ ಶತಮಾನದಲ್ಲಿ ತಮ್ಮ ಹೆಸರುವಾಸಿಯಾದ ನೀಲಿ-ಬಿಳಿ ಪಾತ್ರೆಗಳನ್ನು ಮಾಡಿದರು. ಹೀಗೆ ಒಬ್ಬರ ಬಣ್ಣ, ಇನ್ನೊಬ್ಬರ ಆಕಾರ, ಮತ್ತೊಬ್ಬರ ಚಿತ್ತಾರ ಒಂದು ನಾಡಿನಿಂದ ಇನ್ನೊಂದು ನಾಡಿಗೆ ಒಂಟೆಗಳ ಬೆನ್ನ ಮೇಲೆ ಹೋಗಿ ಬರುತ್ತಿದ್ದುವು.

ನಮ್ಮ ದೇಶಕ್ಕೆ ಈ ವಿದ್ಯೆ ಮುಖ್ಯವಾಗಿ ಕಟ್ಟಡಗಳನ್ನು ಅಲಂಕರಿಸುವ ಮೆರುಗಿನ ಬಿಲ್ಲೆಗಳ ರೂಪದಲ್ಲಿ ಬಂದಿತು. ಮುಲ್ತಾನ, ಲಾಹೋರ, ದೆಹಲಿಗಳ ಗೋರಿಗಳ ಮೇಲೂ ಮಸೀದಿಗಳ ಮೇಲೂ ಇಂದಿಗೂ ಅವುಗಳನ್ನು ಕಾಣಬಹುದು. ಆದರೆ ಅವನ್ನು ನೋಡಲು ಕನ್ನಡಿಗರು ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ. ನಮ್ಮ ಬೀದರಿನಲ್ಲಿ ೧೪೭೨ರಲ್ಲಿ ಕಟ್ಟಿಸಿದ ಮಹಮೂದ್ ಗವಾನನ ವಿದ್ಯಾಶಾಲೆಯಿದೆ. ಬಹಮನಿ ಅರಸರ ಮಂತ್ರಿಯಾಗಿದ್ದ ಗವಾನನು ಪರ್ಷಿಯಾದ ಗೀಲಾನಿನಿಂದ ಬಂದವನು. ಆ ವಿದ್ಯಾಶಾಲೆಯ ಮುಂಗೋಡೆಯೂ ಮಿನಾರವೂ ನೀಲಿ, ಬಿಳಿ, ಹಳದಿ ಬಣ್ಣದ ಮೆರುಗಿನ ಬಿಲ್ಲೆಗಳಿಂದ ಮುಚ್ಚಿದ್ದುವು. ಐದು ಶತಮಾನಗಳ ಮಳೆ ಬಿಸಿಲುಗಳಿಗೆ ಬಹುಭಾಗ ಉದುರಿಹೋಗಿದ್ದರೂ, ಉಳಿದ ಬಿಲ್ಲೆಗಳ ಬಣ್ಣ ಇನ್ನೂ ಮಾಸಿಲ್ಲ. ರಜೆಯಲ್ಲಿ ಊರಿಗೆ ಹೋಗುವ ನಿಮ್ಮಲ್ಲಿ ಕೆಲವರು ಬೀದರ ಜಿಲ್ಲೆಯವರೇ ಇರಬಹುದು. ಅದೇ ಜಿಲ್ಲೆಯ ಭಾಲ್ಕಿಯವನೆಂದು ಹೇಳಲಾಗುವ ಕುಂಬಾರ ಗುಂಡಯ್ಯನ ಕಥೆಯನ್ನು ಕವಿ ಹರಿಹರನು ರಗಳೆಯಲ್ಲಿ ಹಾಡಿದ್ದಾನೆ. ಮಡಕೆಯನ್ನು ತಟ್ಟುವ ಆತನ ಕೈಯ ತಾಳಕ್ಕೆ ಶಿವನೇ ಕುಣಿದನಂತೆ. ಕುಂಬಾರನ ಕೆಲಸವನ್ನು ನಮ್ಮ ನಾಡು ಎಷ್ಟು ಎತ್ತರದಲ್ಲಿ ಇರಿಸಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗಾಳಿಪಟದ ಕಥೆ

ಜಯಪುರಕ್ಕೆ ಈ ಕಲೆ ಬಂದುದು ತಡವಾಗಿ, ೧೯ನೆಯ ಶತಮಾನದಲ್ಲಿ. ಆಗ ಅಲ್ಲಿ ಆಳುತ್ತಿದ್ದ ಎರಡನೆಯ ಸವಾಯಿ ರಾಮಸಿಂಗ ಮಹಾರಾಜರು (ಆಳ್ವಿಕೆ ೧೮೩೫–೧೮೮೦) ಕಲೆಗಳಲ್ಲಿ ಬಹಳ ಆಸಕ್ತರು. ೧೮೬೦ರ ದಶಕದಲ್ಲಿ ಅವರು ತಮ್ಮ ರಾಜಧಾನಿಯಲ್ಲಿ ಒಂದು ಕಲಾಶಾಲೆಯನ್ನೇ ಸ್ಥಾಪಿಸಿದರು. ನೀಲಿ ಪಾತ್ರೆ ಜಯಪುರಕ್ಕೆ ಬಂದ ಬಗೆಯನ್ನು ಕುರಿತು ಅಲ್ಲಿಯ ಜನ ಒಂದು ಕಥೆ ಹೇಳುತ್ತಾರೆ. ಒಮ್ಮೆ ಗಾಳಿಪಟದ ಪಂದ್ಯದಲ್ಲಿ ಇಬ್ಬರು ಸೋದರರು ಅರಮನೆಯ ಪಟಗಳನ್ನೆಲ್ಲ ಕತ್ತರಿಸಿ ಕೆಡವಿದರಂತೆ. ಬೆರಗಾದ ಮಹಾರಾಜರು ಅವರನ್ನು ಕರೆಸಿ ಗುಟ್ಟೇನೆಂದು ಕೇಳಿದರು. ತಾವು ಕುಂಬಾರರೆಂದೂ, ಪಾತ್ರೆಗಳಿಗೆ ಬಳಿಯುವ ನೀಲಿ ಗಾಜಿನ ಹುಡಿಯನ್ನೇ ಪಟದ ದಾರಕ್ಕೆ ಬಳಿದಿದ್ದೇವೆಂದೂ ಅವರು ಅರಿಕೆ ಮಾಡಿದರು. ಅರಸರು ಮೆಚ್ಚಿ, ಈ ಕಲೆಯನ್ನು ಜಯಪುರದಲ್ಲಿ ನೆಲೆಗೊಳಿಸುವ ಭಾರವನ್ನು ಅವರಿಗೇ ವಹಿಸಿದರಂತೆ. ಕಥೆ ಎಷ್ಟರಮಟ್ಟಿಗೆ ನಡೆದುದೋ, ಕೇಳಲು ಚೆನ್ನಾಗಿದೆ. ಸಂಕ್ರಾಂತಿಯ ದಿನ ಇಂದಿಗೂ ಜಯಪುರದ ಆಕಾಶವೆಲ್ಲ ಗಾಳಿಪಟವಾಗಿರುತ್ತದೆ. ಮಾಂಜಾ ದಾರಕ್ಕೆ ಗಾಜಿನ ಹುಡಿ ಬಳಿಯುವುದನ್ನು ನೀವೂ ಕಂಡಿರುವಿರಿ. ಆ ದಾರ ಹಕ್ಕಿಗಳ ರೆಕ್ಕೆಯನ್ನೂ ಮನುಷ್ಯರ ಕೊರಳನ್ನೂ ಕೊಯ್ಯುತ್ತದಾದುದರಿಂದ ಗಾಜಿನ ಹುಡಿ ಪಾತ್ರೆಯ ಮೇಲಿರುವುದೇ ಲೇಸು.

ಅಳಿವು ಮತ್ತು ಉಳಿವು

ಅರಸರ ಆಶ್ರಯದಲ್ಲಿ ಬೆಳೆದ ಕಲೆಗೆ ಅರಸರ ಆಶ್ರಯ ತಪ್ಪಿದಾಗ ಕಷ್ಟಕಾಲ ಬಂದಿತು. ಕಾರ್ಖಾನೆಯ ಪಿಂಗಾಣಿ ಪೇಟೆಯನ್ನು ತುಂಬಿತು. ಅದು ಅಗ್ಗ, ಗಟ್ಟಿ, ನೂರು ಬಟ್ಟಲಿದ್ದರೆ ನೂರೂ ಒಂದೇ ಸಮ. ಹಲವು ದಿನ ದುಡಿದು ಮಾಡಿದ ಬೆಣಚಿನ ಪಾತ್ರೆಯನ್ನು ಕೊಳ್ಳುವವರು ಕಡಿಮೆಯಾದರು. ಕೊಳ್ಳುವವರಿಲ್ಲದ ಕಸಬನ್ನು ತಂದೆ ಮಗನಿಗೆ ಏಕೆ ಕಲಿಸಿಯಾನು? ಇದಲ್ಲದೆ ಇಂತಹ ವಿದ್ಯೆಗಳಿಗೆ ಇನ್ನೊಂದು ಅಪಾಯವುಂಟು. ಯಾವ ಹುಡಿ ಎಷ್ಟು, ಮೆರುಗು ಹೇಗೆ, ಉರಿ ಎಷ್ಟು ಹೊತ್ತು ಎಂಬುದು ಮನೆತನದ ಗುಟ್ಟು. ಬಾಯಿಂದ ಕಿವಿಗೆ, ಕೈಯಿಂದ ಕೈಗೆ ಬಂದ ವಿದ್ಯೆ ಅದು. ಒಂದು ತಲೆಮಾರು ಕೈಬಿಟ್ಟರೆ ಮುಂದಿನವರಿಗೆ ನೋಡಿ ಕಲಿಯಲು ಪುಸ್ತಕವಿಲ್ಲ. ೧೯೫೦ರ ದಶಕದ ವೇಳೆಗೆ ಜಯಪುರದಲ್ಲಿ ನೀಲಿ ಪಾತ್ರೆ ಬಹುಮಟ್ಟಿಗೆ ಕಣ್ಮರೆಯಾಗಿತ್ತು. ಚೆಂಡು ತಗಲಿ ಒಡೆದ ಹೂದಾನಿಗೆ ಬದಲಾಗಿ ಇನ್ನೊಂದನ್ನು ತರಬಹುದು. ಮಾಡುವ ಕೈಯೇ ಇಲ್ಲದಾದರೆ ಎಲ್ಲಿಂದ ತರುವುದು? ಒಂದು ಪಾತ್ರೆಗೆ ಹೇಳಿದ ಗಾದೆ ಒಂದು ಕಲೆಗೂ ಸಲ್ಲುತ್ತದೆ.

ಈ ಸಂದರ್ಭದಲ್ಲಿ ನೆರವಿಗೆ ನಿಂತವರಲ್ಲಿ ಮುಖ್ಯರಾದ ಒಬ್ಬರು ನಮ್ಮ ನಾಡಿನ ಮಗಳೆಂಬುದನ್ನು ಹೆಮ್ಮೆಯಿಂದ ಹೇಳಬೇಕು. ೧೯೦೩ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೩೦ರ ಉಪ್ಪಿನ ಸತ್ಯಾಗ್ರಹದ ದಿನಗಳಲ್ಲಿ ಇದೇ ಮುಂಬಯಿಯ ಶೇರುಪೇಟೆಯೊಳಗೆ ನುಗ್ಗಿ ಉಪ್ಪಿನ ಪೊಟ್ಟಣಗಳನ್ನು ಮಾರಿದ ಧೀರೆ. ಸ್ವಾತಂತ್ರ್ಯ ಬಂದ ಮೇಲೆ ಅವರು ಅಧಿಕಾರದ ಪೀಠಗಳನ್ನು ಬಯಸಲಿಲ್ಲ. ೧೯೫೨ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಸ್ಥಾಪನೆಯಾದಾಗ ಅದರ ಅಧ್ಯಕ್ಷತೆಯನ್ನು ವಹಿಸಿ, ಹಳ್ಳಿಹಳ್ಳಿ ತಿರುಗಿ, ನಂದಿಹೋಗುತ್ತಿದ್ದ ಕಸಬುಗಳನ್ನು ಹುಡುಕಿ ಎತ್ತಿ ನಿಲ್ಲಿಸಿದರು. ಕುಶಲಿಗೆ ಬೇಕಾದುದು ಭಿಕ್ಷೆಯಲ್ಲ, ಪೇಟೆ ಮತ್ತು ಮರ್ಯಾದೆ ಎಂಬುದನ್ನು ಅವರು ಮನಗಂಡಿದ್ದರು. ಜಯಪುರದ ನೀಲಿ ಪಾತ್ರೆಯ ಪುನರುಜ್ಜೀವನಕ್ಕೂ ಅವರ ಪ್ರೋತ್ಸಾಹ ದೊರೆಯಿತು. ಜಯಪುರದ ಮಹಾರಾಣಿ ಗಾಯತ್ರೀದೇವಿಯವರೂ ಈ ಕೆಲಸಕ್ಕೆ ಬೆಂಬಲವಾದರು.

ಆದರೆ ಪ್ರೋತ್ಸಾಹವೊಂದೇ ಸಾಲದು. ಕೆಲಸ ಮಾಡುವ ಕೈ ಬೇಕು. ಆ ಕೈ ಕೃಪಾಲಸಿಂಗ ಶೇಖಾವತರದು. ೧೯೨೨ರಲ್ಲಿ ರಾಜಸ್ಥಾನದ ಸೀಕರ ಪ್ರದೇಶದ ಮಾವು ಎಂಬ ಹಳ್ಳಿಯಲ್ಲಿ ಹುಟ್ಟಿದ ಇವರು ಕುಂಬಾರ ಕುಲದವರಲ್ಲ, ಚಿತ್ರಕಾರರು. ಶಾಂತಿನಿಕೇತನದಲ್ಲಿ ಕಲಿತು, ಬಳಿಕ ಜಪಾನಿಗೆ ಹೋಗಿ ಪೌರಸ್ತ್ಯ ಕಲೆಯನ್ನು ಅಭ್ಯಾಸಮಾಡಿದರು. ಆಚಾರ್ಯ ನಂದಲಾಲ ಬೋಸರ ಮಾರ್ಗದರ್ಶನದಲ್ಲಿ ಭಾರತ ಸಂವಿಧಾನದ ಮೂಲಪ್ರತಿಯನ್ನು ಚಿತ್ರಗಳಿಂದ ಅಲಂಕರಿಸಿದ ಕಲಾವಿದರಲ್ಲಿ ಇವರೂ ಒಬ್ಬರು. ಇಷ್ಟೆಲ್ಲ ಕಲಿತವರು ತಮ್ಮ ನಾಡಿಗೆ ಮರಳಿ, ಹುಡಿಯನ್ನು ಕಲಸುವ, ಆವಿಗೆಯ ಮುಂದೆ ಕಾಯುವ ಕೆಲಸಕ್ಕೆ ಕೈಹಾಕಿದರು.

ಅವರು ಮಾಡಿದುದು ಹಳೆಯದರ ನಕಲನ್ನಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಬೆಣಚಿನ ಒಡಲು, ಅಚ್ಚಿನ ಕೆಲಸ, ಒಂದೇ ಉರಿ ಇವುಗಳನ್ನು ಅವರು ಹಾಗೆಯೇ ಉಳಿಸಿಕೊಂಡರು. ಚಿತ್ತಾರದಲ್ಲಿ ಮಾತ್ರ ತಾವು ಬಲ್ಲ ವಿದ್ಯೆಯನ್ನು ಧಾರೆಯೆರೆದರು. ರಾಜಸ್ಥಾನದ ಹಳೆಯ ಕಿರುಚಿತ್ರಗಳ ಆನೆ, ಕುದುರೆ, ಹಕ್ಕಿ, ಹೂಬಳ್ಳಿಗಳು ಪಾತ್ರೆಯ ಗುಂಡುಮೈಯ ಮೇಲೆ ಹೊಸ ಜಾಗ ಪಡೆದುವು. ನೀಲಿ, ನವಿಲುಬಣ್ಣಗಳ ಜೊತೆಗೆ ಹಳದಿ, ಕಂದು ಮೊದಲಾದ ಬಣ್ಣಗಳೂ ಸೇರಿದುವು. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಅವರು ಈ ವಿದ್ಯೆಯನ್ನು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ಜಯಪುರದ ಸವಾಯಿ ರಾಮಸಿಂಗ ಶಿಲ್ಪಕಲಾ ಮಂದಿರದ ಮುಖ್ಯಸ್ಥರಾಗಿ, ಕಲಿಯಲು ಬಂದವರಿಗೆ ಕಲಿಸಿದರು. ೧೯೭೪ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ೨೦೦೮ರಲ್ಲಿ ಅವರು ತೀರಿಕೊಂಡಾಗ, ಒಮ್ಮೆ ನಂದಿಹೋಗಿದ್ದ ಆವಿಗೆಗಳು ಜಯಪುರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಉರಿಯುತ್ತಿದ್ದುವು. ಮುಚ್ಚಿಟ್ಟ ವಿದ್ಯೆ ಮುಚ್ಚಿಟ್ಟವರೊಡನೆ ಹೋಗುತ್ತದೆ, ಹಂಚಿದ ವಿದ್ಯೆ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ದೆಹಲಿಯ ಇನ್ನೊಂದು ದಾರಿ

ಇದೇ ನೀಲಿಯ ಬೆನ್ನು ಹತ್ತಿ ಬೇರೊಂದು ದಾರಿಯಲ್ಲಿ ನಡೆದವರು ದೆಹಲಿಯ ಸರದಾರ ಗುರುಚರಣಸಿಂಗರು. ಭೂಗರ್ಭಶಾಸ್ತ್ರವನ್ನು ಓದಿದ್ದ ಇವರು ತರುಣರಾಗಿದ್ದಾಗ ದೆಹಲಿಯ ಒಂದು ಕುಂಭಶಾಲೆಯನ್ನು ಸೇರಿದರು. ಅಲ್ಲಿ ಅಬ್ದುಲ್ಲಾ ಎಂಬ ಪಠಾಣ ಕುಂಬಾರನಿಂದ ದೆಹಲಿಯ ಹಳೆಯ ನೀಲಿ ಮೆರುಗಿನ ಪರಿಚಯವಾಯಿತು. ೧೯೧೯ರಲ್ಲಿ ಜಪಾನಿಗೆ ಹೋಗಿ ಕುಂಭವಿಜ್ಞಾನವನ್ನು ಕಲಿಯುತ್ತಿದ್ದಾಗ ಯಾನಾಗಿ, ಹಮಾದಾ, ಇಂಗ್ಲೆಂಡಿನ ಬರ್ನಾರ್ಡ್ ಲೀಚ್ ಮೊದಲಾದವರ ಸಹವಾಸ ದೊರೆಯಿತು. ದಿನಬಳಕೆಗೆಂದು ಹೆಸರಿಲ್ಲದ ಕುಶಲಿಗಳು ಮಾಡಿದ ಪಾತ್ರೆಗಳಲ್ಲಿಯೇ ನಿಜವಾದ ಚೆಲುವಿದೆಯೆಂದು ನಂಬಿದ ಗುಂಪು ಅದು.

ಗುರುಚರಣಸಿಂಗರು ೧೯೫೨ರಲ್ಲಿ ದೆಹಲಿಯಲ್ಲಿ 'ಡೆಲ್ಲಿ ಬ್ಲೂ ಆರ್ಟ್ ಪಾಟರಿ' ಎಂಬ ತಮ್ಮದೇ ಕುಂಭಶಾಲೆಯನ್ನು ತೆರೆದರು. ಅವರು ಹಳೆಯ ನೀಲಿಯ ಬಣ್ಣವನ್ನೂ ಭಾವವನ್ನೂ ಉಳಿಸಿಕೊಂಡರು, ಒಡಲನ್ನು ಮಾತ್ರ ಬದಲಾಯಿಸಿದರು. ೧,೨೦೦ ಡಿಗ್ರಿಗೂ ಮೇಲ್ಪಟ್ಟ ಶಾಖದಲ್ಲಿ ಸುಟ್ಟು ಕಲ್ಲಿನಂತೆ ಗಟ್ಟಿಯಾಗುವ ಮಣ್ಣನ್ನು ಬಳಸಿದರು. ಅಂತಹ ಬಟ್ಟಲಿನಲ್ಲಿ ಚಹಾ ಕುಡಿಯಬಹುದು, ತೊಳೆದು ಇಡಬಹುದು. ಮುಂದೆ ಹಿಮಾಚಲದ ಕಾಂಗ್ಡಾ ಕಣಿವೆಯ ಅಂಡ್ರೆಟ್ಟಾ ಗ್ರಾಮದಲ್ಲಿ ಮಗ ಸೊಸೆಯರೊಡನೆ ಮತ್ತೊಂದು ಕುಂಭಶಾಲೆ ಬೆಳೆಯಿತು. ೧೯೯೧ರಲ್ಲಿ ಪದ್ಮಶ್ರೀಯನ್ನು ಪಡೆದು, ನೂರರ ಸಮೀಪದವರೆಗೆ ಬಾಳಿ ಅವರು ೧೯೯೫ರಲ್ಲಿ ಗತಿಸಿದರು. ನಮ್ಮ ದೇಶದ ಆಧುನಿಕ ಕುಂಭಕಲೆಯ ಹಿರಿಯಜ್ಜರೆಂದು ಅವರನ್ನು ಎಣಿಸುತ್ತಾರೆ. ೧೯೭೧ರಲ್ಲಿ ರೇ ಮೀಕರ್, ಡೆಬೊರಾ ಸ್ಮಿತ್ ಎಂಬ ಅಮೆರಿಕದ ದಂಪತಿಗಳು ಪಾಂಡಿಚೇರಿಯಲ್ಲಿ ತೆರೆದ ಕುಂಭಶಾಲೆಯಲ್ಲಿಯೂ ಅನೇಕ ಭಾರತೀಯ ಕಲಾವಿದರು ತರಬೇತಿ ಪಡೆದಿದ್ದಾರೆ.

ಸಂಪ್ರದಾಯವೆಂದರೇನು?

ಈ ಎರಡು ದಾರಿಗಳಲ್ಲಿ ಯಾವುದು ಸರಿ? ಒಬ್ಬರು ಒಡಲನ್ನು ಉಳಿಸಿ ಚಿತ್ತಾರವನ್ನು ಬೆಳೆಸಿದರು. ಇನ್ನೊಬ್ಬರು ಬಣ್ಣವನ್ನು ಉಳಿಸಿ ಒಡಲನ್ನು ಬದಲಿಸಿದರು. ಶಾಲೆಯಲ್ಲಿ ಈ ಪ್ರಶ್ನೆಯನ್ನೆತ್ತಿದಾಗ ಮೇಲಿನ ತರಗತಿಯವರಲ್ಲಿ ಎರಡು ಪಕ್ಷಗಳೇ ಆದುವು. ಬದಲಾಯಿಸಿದರೆ ಅದು ಹಳೆಯ ಕಲೆ ಹೇಗಾದೀತೆಂದು ಕೆಲವರು ಕೇಳಿದರು. ಬದಲಾಯಿಸದಿದ್ದರೆ ಅದು ಬದುಕೀತು ಹೇಗೆಂದು ಉಳಿದವರು ಕೇಳಿದರು. ನಮಗೆ ತೋರುವ ಮಾತು ಇಷ್ಟೇ. ಜಯಪುರದ ಕಲೆಯೆನ್ನುವುದೂ ಒಂದು ಕಾಲಕ್ಕೆ ಪರ್ಷಿಯಾದಿಂದ, ಚೀನಾದಿಂದ, ದೆಹಲಿಯಿಂದ ಬಂದು ಕೂಡಿದ ಹೊಸತೇ ಆಗಿದ್ದಿತು. ಹೊರಗಿನಿಂದ ಬಂದುದನ್ನು ತನ್ನ ಮಣ್ಣಿಗೆ, ತನ್ನ ಕೈಗೆ ಒಗ್ಗಿಸಿಕೊಂಡುದರಿಂದಲೇ ಅದು ಜಯಪುರದ್ದಾಯಿತು. ಆದರೆ ಬದಲಾಯಿಸುವ ಅಧಿಕಾರ, ಹಳೆಯದನ್ನು ಮೊದಲು ಕಷ್ಟಪಟ್ಟು ಕಲಿತವರಿಗೆ ಮಾತ್ರ ಉಂಟು. ಕೃಪಾಲಸಿಂಗರೂ ಗುರುಚರಣಸಿಂಗರೂ ಮೊದಲು ವಿದ್ಯಾರ್ಥಿಗಳಾದರು. ಆಮೇಲೆ ಹೊಸತನ್ನು ಮಾಡಿದರು.

ಇಂದು ಜಯಪುರದ ನೀಲಿ ಪಾತ್ರೆಗೆ ಭೌಗೋಳಿಕ ಸೂಚಕದ ಕಾನೂನಿನ ರಕ್ಷಣೆಯಿದೆ. ಬೇರೆಡೆ ಮಾಡಿದ ವಸ್ತುವನ್ನು ಆ ಹೆಸರಿನಿಂದ ಮಾರಲಾಗದು. ಹೂದಾನಿ, ತಟ್ಟೆಗಳಲ್ಲದೆ ಬಾಗಿಲಿನ ಹಿಡಿ, ಗುಂಡಿ, ಮಣಿ, ಬಿಲ್ಲೆಗಳನ್ನೂ ಮಾಡುತ್ತಾರೆ. ಸಮೀಪದ ಕೋಟ್ ಜೇವರ್ ಗ್ರಾಮದಲ್ಲಿ ಹಲವು ಕುಟುಂಬಗಳು ಈ ಕೆಲಸದಿಂದ ಜೀವಿಸುತ್ತಿವೆ. ೨೦೧೮ರಲ್ಲಿ ಜಯಪುರದ ಜವಾಹರ ಕಲಾಕೇಂದ್ರದಲ್ಲಿ ಭಾರತದ ಮೊದಲ ತ್ರೈವಾರ್ಷಿಕ ಕುಂಭಕಲಾ ಪ್ರದರ್ಶನ ನಡೆಯಿತು. ಪಾತ್ರೆಯ ಎಲ್ಲೆಯನ್ನು ದಾಟಿ ಮಣ್ಣಿನಲ್ಲಿ ಏನೇನನ್ನು ನುಡಿಯಬಹುದೆಂಬುದನ್ನು ಇಂದಿನ ಕಲಾವಿದರು ಅಲ್ಲಿ ತೋರಿಸಿದರು. ಕೊಳ್ಳುವವರಿಗೆ ಒಂದು ಎಚ್ಚರಿಕೆಯ ಮಾತು: ಹಳೆಯ ಬಗೆಯ ಮೆರುಗಿನಲ್ಲಿ ಸೀಸದ ಅಂಶ ಇರುತ್ತದೆ. ಸೀಸವಿಲ್ಲವೆಂದು ಮಾಡಿದವರು ಖಚಿತವಾಗಿ ಹೇಳದ ಹೊರತು ಇಂತಹ ಪಾತ್ರೆಯಲ್ಲಿ ಹುಳಿಯ ಪದಾರ್ಥಗಳನ್ನಾಗಲಿ ಊಟವನ್ನಾಗಲಿ ಇಡಬಾರದು. ಹೂವಿಡಲು ಅಡ್ಡಿಯಿಲ್ಲ.

ನಮ್ಮ ನಗರದಲ್ಲಿ

ಜಯಪುರಕ್ಕೆ ಹೋಗುವ ಅನುಕೂಲ ಎಲ್ಲರಿಗೂ ಇರಲಾರದು. ಆದರೆ ಮುಂಬಯಿಯಲ್ಲಿ ಇದ್ದುಕೊಂಡೇ ನೋಡಬಹುದಾದುದು ಕಡಿಮೆಯಿಲ್ಲ. ಇಲ್ಲಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ೧೮೭೦ರ ದಶಕದಲ್ಲಿ ಜಾರ್ಜ್ ಟೆರಿ ಎಂಬ ಅಧ್ಯಾಪಕರು ಕುಂಭಕಲೆಯ ವಿಭಾಗವನ್ನು ಬೆಳೆಸಿದರು. ಸಿಂಧ ಪ್ರಾಂತದ ಮೆರುಗಿನ ಪಾತ್ರೆಗಳನ್ನೂ ಅಜಂತೆಯ ಗುಹಾಚಿತ್ರಗಳನ್ನೂ ಕಂಡು ಅವುಗಳ ಸ್ಫೂರ್ತಿಯಿಂದ ಅಲ್ಲಿ ಮಾಡಿದ ಹೂಜಿಗಳೂ ತಟ್ಟೆಗಳೂ ಭಾಯಖಳೆಯ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದಲ್ಲಿವೆ. ಹಳೆಯದರಿಂದ ಹೊಸತನ್ನು ಮಾಡುವ ಪ್ರಯತ್ನ ನಮ್ಮ ನಗರದಲ್ಲಿ ಅಷ್ಟು ಹಿಂದೆಯೇ ನಡೆದಿತ್ತೆಂಬುದು ಅಲ್ಲಿ ತಿಳಿಯುತ್ತದೆ. ಜೀವಂತವಾದ ತಿಗರಿಯನ್ನೇ ನೋಡಬೇಕೆನ್ನುವವರು ಧಾರಾವಿಯ ಕುಂಭಾರವಾಡೆಗೆ ಹೋಗಬೇಕು. ಸೌರಾಷ್ಟ್ರದಿಂದ ವಲಸೆ ಬಂದ ಕುಂಬಾರರ ಬಡಾವಣೆ ಅದು. ದೀಪಾವಳಿಗೆ ನಮ್ಮ ಮನೆಗಳ ಹೊಸ್ತಿಲಲ್ಲಿ ಹಚ್ಚುವ ಹಣತೆಗಳಲ್ಲಿ ಎಷ್ಟೋ ಅಲ್ಲಿಂದ ಬಂದವು. ನಮ್ಮ ಹಾಗೆಯೇ ಊರು ಬಿಟ್ಟು ಬಂದವರು ಅವರು. ನಾವು ಭಾಷೆಯನ್ನು ಹೊತ್ತು ತಂದಂತೆ ಅವರು ತಿಗರಿಯನ್ನು ಹೊತ್ತು ತಂದರು. ದಿನವೂ ತಿರುಗಿಸಿದರೆ ಮಾತ್ರ ಉಳಿಯುವ ವಸ್ತುಗಳು ಇವೆರಡೂ.

ನಮ್ಮ ಒಡೆದ ಹೂದಾನಿಯನ್ನು ನಾವು ಎಸೆಯಲಿಲ್ಲ. ಅದರ ಹೋಳುಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ವಿಜ್ಞಾನದ ಕೊಠಡಿಯ ಕಪಾಟಿನಲ್ಲಿ ಇರಿಸಿದ್ದೇವೆ. ಬೆಣಚಿನ ಹರಳು ಯಾವುದು, ಬಿಳಿಯ ಲೇಪ ಎಲ್ಲಿಂದ ಎಲ್ಲಿಯವರೆಗೆ, ಮೆರುಗಿನ ಗಾಜು ಎಷ್ಟು ತೆಳು ಎಂಬುದನ್ನು ಭೂತಗನ್ನಡಿಯಲ್ಲಿ ನೋಡಬೇಕೆನ್ನುವವರು ಬಂದು ನೋಡಬಹುದು. ಇಡಿಯಾಗಿದ್ದಾಗ ಅದು ನಮಗೆ ಕಲಿಸದುದನ್ನು ಒಡೆದು ಕಲಿಸಿತು. ಹಾಗೆಂದು, ಬಾಲಕರೇ, ಮೊಗಸಾಲೆಯಲ್ಲಿ ಚೆಂಡಾಟಕ್ಕೆ ಅಪ್ಪಣೆಯಿದೆಯೆಂದು ಮಾತ್ರ ತಿಳಿಯಬೇಡಿ.